ಮನೆ ಆವೃತ್ತಿಯ ಕೈಗಳು

ಕೈ ಒಂದೇ. ಅದೇ ಉಕ್ಕು, ಅದೇ ಮೋಟಾರು, ಅದೇ ಬ್ಯಾಟರಿ. ಆ ಕೈ ಮಗುವಿನ ಮೂಗು ಒರೆಸುತ್ತದೋ ಮನುಷ್ಯನ ಕುತ್ತಿಗೆ ಮುರಿಯುತ್ತದೋ ಅನ್ನುವುದು ಒಳಗೆ ಹಾಕಿರುವ ಓಎಸ್, ಅಂದರೆ ಕೈಯನ್ನು ನಡೆಸುವ ತಂತ್ರಾಂಶದ ಮೇಲೆ ನಿಂತಿದೆ. ಇದನ್ನು ಜನಕ್ಕೆ ತಿಳಿಸಿ ಹೇಳಲು ನಮ್ಮ ಕಂಪನಿ ಬಣ್ಣಬಣ್ಣದ ಪುಸ್ತಿಕೆ ಅಚ್ಚು ಹಾಕಿಸಿತ್ತು. 'ನಿಮಗೆ ಸೂಕ್ತವಾದ ಆವೃತ್ತಿ ಯಾವುದು?' ಎಂದು ಅದರ ಹೆಸರು. ಮುಖಪುಟದಲ್ಲಿ ಹೆಂಗಸೊಬ್ಬಳು ಉಕ್ಕಿನ ಕೈಯಲ್ಲಿ ದೋಸೆ ಮಗುಚುತ್ತಾ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ, ದುಡ್ಡು ತೆಗೆದುಕೊಂಡು ನಿಂತವಳು.

ನಾನು ತೇಜಸ್ವಿನಿ. ಮೈಸೂರಿನ ಹೊರವಲಯದಲ್ಲಿರುವ 'ಬಾಹು' ಕಂಪನಿಯಲ್ಲಿ ತಂತ್ರಜ್ಞೆ. ಬೆಳಗಿನ ಹೊತ್ತು ಕೌಂಟರಿನಲ್ಲಿ ಕೈ ಕಳೆದುಕೊಂಡವರಿಗೆ ಉಕ್ಕಿನ ಕೈ ಜೋಡಿಸುವುದು, ಊಟದ ನಂತರ ನಿಯಂತ್ರಣ ಕೊಠಡಿಯಲ್ಲಿ ಕೂತು ಊರೂರಿನ ಕೈಗಳ ತಂಟೆ ತಕರಾರು ನೋಡುವುದು ನನ್ನ ಕೆಲಸ.

ಶುರುವಿನಲ್ಲಿ ಇದ್ದದ್ದು ಒಂದೇ ಆವೃತ್ತಿ. ಆಮೇಲೆ ಯಾವುದೋ ಊರಿನಲ್ಲಿ ಅಣ್ಣತಮ್ಮಂದಿರು ಕಾಂಪೌಂಡು ಗೋಡೆಗಾಗಿ ಕಿತ್ತಾಡಿಕೊಂಡರು. ಉಕ್ಕಿನ ಕೈಯ ತಮ್ಮ ಅಣ್ಣನ ತಲೆಯನ್ನು ಅದೇ ಗೋಡೆಗೆ ಒತ್ತಿ ಹಿಡಿದ. ತಲೆಯ ಜೊತೆ ಗೋಡೆಯೂ ಬಿರುಕು ಬಿಟ್ಟಿತು. ಅಂಥವು ಇನ್ನೂ ಕೆಲವು ಆದ ಮೇಲೆ ಸರ್ಕಾರ ಕಾನೂನು ತಂದಿತು, ಆವೃತ್ತಿ ಎರಡಾಯಿತು.

ಒಂದು 'ಮನೆ'. ಇದರಲ್ಲಿ ಸ್ಪರ್ಶ ಉಂಟು. ಬೆರಳಿಗೆ ತಾಗಿದ ಬಿಸಿ, ತಂಪು, ಮೆದು ಎಲ್ಲ ನರಕ್ಕೆ ತಲುಪುತ್ತದೆ. ಮಣಿಕಟ್ಟಿನ ಕ್ಯಾಮೆರಾ ಮುಖ ಗುರುತಿಸುತ್ತದೆ. ಹೊರಗಿನವರು ಮೈಮೇಲೆ ಬಿದ್ದರೆ ಕೈ ತಾನಾಗಿ ತಡೆಯುತ್ತದೆ. ಆದರೆ ಮನೆಯವರ ಮೇಲೆ ಅದು ಏಳುವುದಿಲ್ಲ. ಜಗಳದಲ್ಲಿ ಅವರ ಮುಖ ಕಂಡ ಕೂಡಲೇ ಸತ್ತ ಹಾವಿನಂತೆ ಜೋತುಬೀಳುತ್ತದೆ. ಇನ್ನೊಂದು 'ದುಡಿಮೆ'. ಕಾದ ಕಬ್ಬಿಣ ಹಿಡಿಯುವವರಿಗೆ ನೋವಾಗಬಾರದೆಂದು ಅದರಲ್ಲಿ ಸ್ಪರ್ಶವನ್ನೇ ಮುಚ್ಚಿದ್ದಾರೆ. ಯಾರೋ ಅಡ್ಡ ಬಂದರೆಂದು ಕೈ ನಿಂತರೆ ಮಾಲೀಕರಿಗೆ ನಷ್ಟ, ಹಾಗಾಗಿ ಅದಕ್ಕೆ ಮನುಷ್ಯರು ಕಾಣುವುದೂ ಇಲ್ಲ. ಬರೀ ವಸ್ತುಗಳು ಕಾಣುತ್ತವೆ. ಬೇಲಿ ಹಾಕಿದ ಜಾಗದಲ್ಲಿ ಮಾತ್ರ ಬಳಸಬೇಕು ಎಂದು ಪುಸ್ತಿಕೆಯ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದರು. ಕುಡಿದ ಅಮಲಿನಲ್ಲಿ ಯಾರೂ ಆವೃತ್ತಿ ಬದಲಿಸಿಕೊಳ್ಳದಿರಲೆಂದು ಮನೆಯವರಲ್ಲಿ ಯಾರಾದರೊಬ್ಬರು ಬಾಯಿಬಿಟ್ಟು ಒಪ್ಪಬೇಕೆಂಬ ನಿಯಮವೂ ಇತ್ತು.

ಸಿಂಚನ ಕೌಂಟರಿಗೆ ಬಂದಾಗ ಅವಳ ಎರಡೂ ಕೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಗಂಡ ಲಿಖಿತ್ ನಂಜನಗೂಡು ರಸ್ತೆಯಲ್ಲಿ ಗುಜರಿ ಇಟ್ಟಿದ್ದ. ಓಡಿ ಓಡಿ ಸತ್ತ ಎಲೆಕ್ಟ್ರಿಕ್ ಬಸ್ಸುಗಳನ್ನು ಬಿಚ್ಚಿ ಮಾರುವ ವ್ಯಾಪಾರ. ಬ್ಯಾಟರಿ ಪೆಟ್ಟಿಗೆ ಬಿಚ್ಚುವಾಗ ಹೊಗೆ ಬರುತ್ತಿದೆ ಎಂದು ಅವಳು ಆಚೆ ಬಂದಿದ್ದಳಂತೆ. ಅವನು ಫ್ಯಾನ್ ಬೆಲ್ಟಿನಿಂದ ಬೆನ್ನಿಗೆ ಬಾರಿಸಿ ಮತ್ತೆ ಒಳಗೆ ಅಟ್ಟಿದ್ದ. ಪೆಟ್ಟಿಗೆ ಸಿಡಿಯಿತು. ಇದನ್ನೆಲ್ಲ ಅವಳು ಹೇಳಿದ್ದು ಎಷ್ಟೋ ದಿನದ ಮೇಲೆ. ಅವತ್ತು ಅವನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಮಗಳು ಇಂಚರ ಅಮ್ಮನ ಸೆರಗು ಹಿಡಿದು ನಿಂತಿದ್ದಳು.

ನಾನು ಎರಡೂ ಆವೃತ್ತಿ ವಿವರಿಸಿದೆ. ಲಿಖಿತ್ ಅರ್ಧಕ್ಕೇ ತಡೆದ.

"ಮನೆಯೋರ್ ಮೇಲೆ ಕೈ ಏಳಲ್ಲ ಅಂದ್ರಲ್ಲ, ಅದು ಯಾವುದ್ರಲ್ಲಿ?"

"ಮನೆ ಆವೃತ್ತೀಲಿ."

"ಅದೇ ಹಾಕ್ಬುಡಿ. ಇವಳೇನು ಬಂಡೆ ಒಡೀಬೇಕಾ."

ಯಾರ ಕೈ, ಯಾರ ಆಯ್ಕೆ ಎಂದು ನಾನು ಅವಳ ಕಡೆ ತಿರುಗಿ ಕೇಳಿದೆ. ಅವಳು ಮಗಳನ್ನು ನೋಡಿದಳು. "ಮುಟ್ಟುದ್ರೆ ಗೊತ್ತಾಗೋದು ಇದ್ರಲ್ಲೇ ಅಲ್ವಾ ಅಕ್ಕ? ಇದೇ ಇರ್ಲಿ."

ಕೈ ಜೋಡಿಸಿ ಓಎಸ್ ಶುರು ಮಾಡಿದೆ. ಯಂತ್ರ ತನ್ನ ವಾರ್ತೆ ಓದುವ ದನಿಯಲ್ಲಿ, "ನಿಮ್ಮ ಮನೆಯವರನ್ನು ಕ್ಯಾಮೆರಾಗೆ ತೋರಿಸಿ" ಎಂದಿತು. ಸಿಂಚನ ನಾಚಿಕೊಂಡು ಗಂಡನ ಕಡೆ ಕೈ ಚಾಚಿದಳು. "ಮನೆಯವರು ಇನ್ನೂ ಯಾರಾದರೂ ಇದ್ದಾರೆಯೇ?" ಎಂದಿತು ಯಂತ್ರ. ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಅವಳೂ ನಕ್ಕಳು. "ಇನ್ನೊಬ್ರಾ? ಒಬ್ರೇ ಸಾಕಪ್ಪ." ಯಂತ್ರ ಧನ್ಯವಾದ ಹೇಳಿ ಮುಂದಿನ ಹಂತಕ್ಕೆ ಹೋಯಿತು.

ಕೊನೆಯ ಹಂತ ಸ್ಪರ್ಶ ಪರೀಕ್ಷೆ. ಇಂಚರಳ ಕೆನ್ನೆ ಮುಟ್ಟು ಎಂದೆ. ಮುಟ್ಟಿದಳು. ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. "ಬೆಚ್ಚಗವ್ಳೆ ಅಕ್ಕ, ನನ್ ಮಗ್ಳು ಬೆಚ್ಚಗವ್ಳೆ" ಎಂದು ಅಳತೊಡಗಿದಳು. ಈ ಕೆಲಸಕ್ಕೆ ಸೇರಿದ್ದು ಸಾರ್ಥಕ ಅಂತ ನನಗೆ ಅನ್ನಿಸಿದ್ದು ಆ ಹೊತ್ತು.

ಕೆಲವು ವಾರದ ಮೇಲೆ ನಿಯಂತ್ರಣ ಕೊಠಡಿಯ ನಕ್ಷೆಯಲ್ಲಿ ನಂಜನಗೂಡು ರಸ್ತೆಯ ಮೇಲೆ ಕೆಂಪು ದೀಪ ಹತ್ತಿತು. ಸಿಂಚನಳ ಬಲಗೈ 'ತಡೆ' ಕ್ರಿಯೆ ನಡೆಸಿತ್ತು. ಎದುರಾಳಿ ಅಪರಿಚಿತ, ಪರಿಣಾಮ ಮೂಳೆ ಮುರಿತ ಎಂದು ಪರದೆ ತೋರಿಸುತ್ತಿತ್ತು. ಕಳ್ಳನೋ ಕುಡುಕನೋ ಇರಬೇಕೆಂದು ಫೋನ್ ಮಾಡಿದರೆ ಅವಳು ಅಳುತ್ತಲೇ ಎತ್ತಿದಳು.

"ನಮ್ಮತ್ತೆ ಕಣಕ್ಕ. ಸಾರು ಸೀದೋಯ್ತು ಅಂತ ಹಿಂದ್ಲಿಂದ ಜುಟ್ಟು ಹಿಡ್ಕೊಂಡ್ರು. ಕೈ ಅದ್ರ ಪಾಡಿಗೆ ಅದು ಹೋಗಿ ಮಣಿಕಟ್ಟು ತಿರುಚ್ಬುಡ್ತು. ಲಟ್ ಅಂತು."

"ಅತ್ತೇನ ಯಂತ್ರಕ್ಕೆ ತೋರಿಸಲೇ ಇಲ್ವಲ್ಲ ಸಿಂಚನ. ಮನೆಯವರನ್ನ ತೋರಿಸು ಅಂತ ಕೇಳ್ತಲ್ಲ?"

"ಅತ್ತೆ ಹೆಂಗಕ್ಕ ನಮ್ಮನೆಯೋರು ಆಯ್ತಾರೆ? ನಮ್ಮನೆಯೋರು ಅಂದ್ರೆ ಇವ್ರು ತಾನೆ?"

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಈ ಸೀಮೆಯಲ್ಲಿ ಯಾವ ಹೆಂಗಸನ್ನು ಕೇಳಿದರೂ ಮನೆಯವರು ಅಂದರೆ ಗಂಡ, ಒಬ್ಬನೇ. ಮನೆಯಲ್ಲಿರುವ ಅಷ್ಟೂ ಜನ ಎಂದು ಅರ್ಥ ಹಿಡಿದದ್ದು ಎಲ್ಲೋ ಕೂತು ಅನುವಾದ ಮಾಡಿದ ಮಹಾನುಭಾವ. ಮ್ಯಾನೇಜರ್ ಶ್ರೀವತ್ಸನ ಹತ್ತಿರ ಹೋಗಿ, ಆ ಒಂದು ಪದ ತೆಗೆಸಿ, ಇಲ್ಲದಿದ್ದರೆ ಅರ್ಧ ರಾಜ್ಯದ ಅತ್ತೆಯರು ಕೈ ಮುರಿದುಕೊಳ್ಳುತ್ತಾರೆ ಎಂದೆ. ಅವನು ಕನ್ನಡಕ ಒರೆಸಿಕೊಳ್ಳುತ್ತಾ, "ತಜ್ಞರ ಸಮಿತಿ ಒಪ್ಪಿದ ಪದ ಮೇಡಂ" ಎಂದ. ಆ ಸಮಿತಿಯವರ ಹೆಂಡತಿಯರು ಅವರನ್ನು ಏನೆಂದು ಕರೆಯುತ್ತಾರೋ ಕೇಳಬೇಕಿತ್ತು.

ಮರುದಿನ ಲಿಖಿತ್ ಹೆಂಡತಿಯನ್ನು ದರದರ ಎಳೆದುಕೊಂಡು ಬಂದ. ಅವಳ ಕೆಳತುಟಿ ಸೀಳಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

"ನಮ್ಮವ್ವನ ಕೈ ಮುರ್ದವ್ಳೆ. ಇಂಥ ಕೈನ ಮನೇಲಿ ಇಟ್ಕೊಂಡು ಹೆಂಗ್ ಮಲಗ್ಲಿ ನಾನು? ನಾಳೆ ನನ್ ಕುತ್ಗೆ ಮುರಿಯಲ್ಲ ಅಂತ ಏನ್ ಗ್ಯಾರಂಟಿ?"

ಶ್ರೀವತ್ಸ ಗ್ರಾಹಕಸೇವೆಯ ನಗೆ ನಕ್ಕ. "ನಿಮ್ಮ ಮೇಲೆ ಏಳೋದಿಲ್ಲ ಸರ್. ನೀವು ಮನೆಯವರು ಅಂತ ದಾಖಲಾಗಿದ್ದೀರಿ. ನಿಮ್ಮ ತಾಯಿಯವರನ್ನೂ ಕರ್ಕೊಂಡು ಬಂದ್ರೆ ಸೇರಿಸ್ತೀವಿ."

"ಏಳಲ್ವಾ?"

"ಖಂಡಿತ ಇಲ್ಲ."

ಲಿಖಿತ್ ಅಲ್ಲೇ, ನಮ್ಮೆಲ್ಲರ ಎದುರು, ಹೆಂಡತಿಯ ಕೆನ್ನೆಗೆ ರಪ್ಪೆಂದು ಬಾರಿಸಿದ. ಉಕ್ಕಿನ ಕೈಗಳು ಅರ್ಧ ಎದ್ದು, ಅವನ ಮುಖ ಕಂಡು, ಕೆಳಗೆ ಜೋತುಬಿದ್ದವು. ಅವಳಿಗೆ ಕೆನ್ನೆ ಮುಚ್ಚಿಕೊಳ್ಳಲೂ ಆಗಲಿಲ್ಲ. ಅವನು ಇನ್ನೊಂದು ಬಿಟ್ಟ. ಮೂಗಿನಿಂದ ಇಳಿದ ರಕ್ತ ಕೌಂಟರಿನ ಪುಸ್ತಿಕೆಗಳ ಮೇಲೆ ತೊಟ್ಟಿಕ್ಕಿತು. ನಾನು ಕುರ್ಚಿ ಎತ್ತಿ ಅವನ ಭುಜಕ್ಕೆ ಹೊಡೆದೆ. ಸೆಕ್ಯುರಿಟಿಯವರು ಬಂದು ಇಬ್ಬರನ್ನೂ ಎಳೆದು ಬಿಡಿಸಿದರು. ಅವನು ಸಿಟ್ಟಾಗಲೇ ಇಲ್ಲ. ಹೊಸ ಗಾಡಿ ಓಡಿಸಿ ನೋಡಿದವನ ಹಾಗೆ ತೃಪ್ತನಾಗಿದ್ದ. "ಚೆನ್ನಾಗದೆ ಬುಡಿ" ಎಂದು ಅವಳನ್ನು ಕರೆದುಕೊಂಡು ಹೋದ.

ಪೊಲೀಸಿಗೆ ದೂರು ಕೊಟ್ಟೆ. ಗಂಡ ಹೆಂಡಿರ ಜಗಳ, ಬುದ್ಧಿ ಹೇಳಿ ಕಳಿಸಿದ್ದೇವೆ ಎಂದರು.

ಆಮೇಲಿನದು ದಿನಚರಿಯಾಯಿತು. ಅವನು ಹೊಡೆಯುವ ಮೊದಲು ಅವಳ ಕೈಯ ಕ್ಯಾಮೆರಾಗೆ ಮುಖ ತೋರಿಸುತ್ತಿದ್ದನಂತೆ, ನಗುತ್ತಾ, ಫೋಟೊಗೆ ನಿಂತವನ ಹಾಗೆ. ಕೈ ಬಿದ್ದ ಮೇಲೆ ಬೆಲ್ಟು, ಪೈಪು, ಜಾಕಿ ರಾಡು, ಕೈಗೆ ಸಿಕ್ಕಿದ್ದು. ಅವಳು ಒಮ್ಮೆ ಕ್ಯಾಮೆರಾಗೆ ಬಟ್ಟೆ ಕಟ್ಟಿ ನೋಡಿದಳು. ಕಣ್ಣು ಮುಚ್ಚಿದರೆ ಕೈಯೇ ಆಡದು. ಪಕ್ಕೆಲುಬು ಮುರಿದು ಆಸ್ಪತ್ರೆಗೆ ಬಂದಾಗ ನಾನು ನೋಡಲು ಹೋದೆ. ಆವೃತ್ತಿ ಬದಲಿಸೋಣ, ಅತ್ತೆಯನ್ನೋ ನಿನ್ನ ಅವ್ವನನ್ನೋ ದಾಖಲಿಸಿ ಒಪ್ಪಿಗೆ ಪಡೆಯೋಣ ಎಂದೆ.

"ಯಾರ್ನ ಸೇರ್ಸ್ಬೇಕಾದ್ರೂ ಇವ್ರು ಹೂಂ ಅನ್ಬೇಕಂತೆ. ನಿಮ್ ಸಾರ್ ಹೇಳುದ್ರು."

"ತವರಿಗೆ ಹೋಗಿಬಿಡು."

"ಮಗೂನ ಕಳ್ಸಲ್ಲ ಅಂತವ್ರೆ." ಅವಳ ಪಕ್ಕದಲ್ಲಿ ಇಂಚರ ಮಲಗಿದ್ದಳು. ಸಿಂಚನ ಉಕ್ಕಿನ ಬೆರಳಿನಿಂದ ಮಗಳ ಹುಬ್ಬು ಸವರುತ್ತಲೇ ಇದ್ದಳು. "ಆಮೇಲೆ ದುಡಿಮೆ ಹಾಕಿದ್ರೆ ಇದು ಗೊತ್ತಾಗಲ್ವಲ್ಲ ಅಕ್ಕ. ನನ್ನ ಹೊಡ್ಕೊಳ್ಲಿ ಬುಡಿ. ಇವಳ ತಂಟೆಗೆ ಬರ್ದಿದ್ರೆ ಸಾಕು."

ನನಗೆ ಅವಳ ಮೇಲೂ ಸಿಟ್ಟು ಬಂತು. ಹೇಳಿ ಏನು ಪ್ರಯೋಜನ.

ಅವನು ಮಗುವಿನ ತಂಟೆಗೂ ಬಂದ.

ಮಧ್ಯಾಹ್ನ ಊಟ ಮುಗಿಸಿ ಪರದೆಯ ಮುಂದೆ ಕೂತಿದ್ದೆ. ಸಿಂಚನ ಕೂಗಿ ಸಹಾಯದ ಕರೆ ಕೊಟ್ಟಳು. ಕರೆ ಕೊಟ್ಟಾಗ ಮಾತ್ರ ಅವಳ ಕೈಯ ಕ್ಯಾಮೆರಾ, ಮೈಕು ನಮಗೆ ತೆರೆದುಕೊಳ್ಳುತ್ತವೆ. ಕೈಗಳು ಜೋತುಬಿದ್ದಿದ್ದರಿಂದ ಪರದೆಯ ಮೇಲೆ ಎಣ್ಣೆ ಹಿಡಿದ ಮಣ್ಣು, ಒಡೆದ ಗಾಜು, ಅವನ ಬೂಟು ಕಾಣಿಸಿದವು. ಅವಳು ಮೈ ಹೊರಳಿಸಿದಾಗ ಉಳಿದದ್ದೂ ಕಂಡಿತು. ಅಮ್ಮನಿಗೆ ಹೊಡೆಯುತ್ತಿದ್ದಾಗ ಇಂಚರ ಬೋಲ್ಟೊಂದನ್ನು ತೆಗೆದು ಅಪ್ಪನ ಹಣೆಗೆ ಎಸೆದಿದ್ದಳಂತೆ. ಅವನ ಹುಬ್ಬು ಒಡೆದು ಮುಖವೆಲ್ಲ ರಕ್ತ. ಒಂದು ಕೈಯಲ್ಲಿ ಜಾಕಿ ರಾಡು, ಇನ್ನೊಂದು ಕೈಯಲ್ಲಿ ಮಗುವಿನ ಕುತ್ತಿಗೆ. ಬಸ್ಸಿನ ತಗಡಿಗೆ ಒತ್ತಿ ಮೇಲಕ್ಕೆತ್ತಿದ್ದ. ಮಗುವಿನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಅಕ್ಕ, ಬದ್ಲಾಯ್ಸಿ. ದುಡಿಮೆ ಹಾಕಿ, ಈಗ್ಲೇ ಹಾಕಿ. ಮಗು ಹೋಯ್ತದೆ."

ಒತ್ತಿದೆ. ವಾರ್ತೆಯ ದನಿ ನಿಧಾನವಾಗಿ, "ಮನೆಯವರ ಒಪ್ಪಿಗೆ ಅಗತ್ಯ" ಎಂದಿತು.

ಮೈಕಿನಲ್ಲಿ ಮುದುಕಿಯ ದನಿ ಕೇಳಿಸಿತು. ಅತ್ತೆ ಭಾಗ್ಯಮ್ಮ. ಪ್ಲಾಸ್ಟರು ಹಾಕಿದ ಕೈಯಲ್ಲೇ ಮಗನನ್ನು ಹಿಡಿದು ಎಳೆಯುತ್ತಿದ್ದಳು. "ನಾನು ಒಪ್ತೀನಿ ಕಣವ್ವ. ನಾನು ಇವ್ನ ಹೆತ್ತೋಳು. ಅದೇನ್ ಬದ್ಲಾಯ್ಸ್ಬೇಕೋ ಬದ್ಲಾಯ್ಸು, ಮಗೂನ ಕೊಂದಾಕ್ತಾವ್ನೆ."

"ಈ ಧ್ವನಿ ಮನೆಯವರದಲ್ಲ" ಎಂದಿತು ಯಂತ್ರ.

ಲಿಖಿತ್ ತಾಯಿಯ ಹೊಟ್ಟೆಗೆ ಒದ್ದ. ಅವಳು ಕುಸಿದಳು. ನನ್ನ ಬೆನ್ನ ಹಿಂದೆ ನಿಂತಿದ್ದ ಶ್ರೀವತ್ಸ, "ಪೊಲೀಸಿಗೆ ಹೇಳಿದ್ದೀನಿ, ಬರ್ತಾರೆ, ನಿಯಮ ನಮ್ಮ ಕೈಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದ. ಮಗುವಿನ ಹಿಮ್ಮಡಿ ತಗಡಿಗೆ ಬಡಿಯುವ ಸದ್ದು ಕೇಳುತ್ತಿತ್ತು, ಅದು ನಿಧಾನವಾಗುತ್ತಿತ್ತು.

ನಾನು ಅವಳ ಕೈಯ ಸ್ಪೀಕರನ್ನು ಪೂರ್ತಿ ಏರಿಸಿ, ಯಂತ್ರ ಒಪ್ಪುವ ಅದೇ ಗಿಳಿಪಾಠದ ಭಾಷೆಯಲ್ಲಿ ಅವನನ್ನೇ ಕೇಳಿದೆ. "ಲಿಖಿತ್ ಅವರೇ, ನಿಮ್ಮ ಪತ್ನಿಯ ಕೈಗಳ ಆವೃತ್ತಿ ಬದಲಾಯಿಸಲು ನಿಮ್ಮ ಒಪ್ಪಿಗೆ ಇದೆಯೇ?"

ಅವನು ಗಹಗಹಿಸಿ ನಕ್ಕ. ಹೆಂಡತಿಯ ಕಡೆ ತಿರುಗಿದ. "ಹೂಂ, ಬದ್ಲಾಯ್ಸ್ಕೊಳೇ. ಬದ್ಲಾಯ್ಸ್ಕೊಂಡು ಅದೇನ್ ಕಿತ್ಕೊತೀಯೋ ನಾನೂ ನೋಡೇಬುಡ್ತೀನಿ."

"ಒಪ್ಪಿಗೆ ದಾಖಲಾಗಿದೆ. ಧನ್ಯವಾದ" ಎಂದಿತು ಯಂತ್ರ.

ನಮ್ಮಲ್ಲಿ ತೊದಲು ಮಾತಿನ ಕೂಸಿಗೂ ಅದು ಒಪ್ಪಿಗೆಯಲ್ಲ, ಸವಾಲು ಎಂದು ಗೊತ್ತಾಗುತ್ತದೆ. ತಜ್ಞರ ಸಮಿತಿಯ ಯಂತ್ರಕ್ಕೆ ಗೊತ್ತಾಗಲಿಲ್ಲ. ನಾನು ತಿದ್ದಲೂ ಹೋಗಲಿಲ್ಲ.

ಹೊಸ ಆವೃತ್ತಿ ಇಳಿಯುವ ತನಕ ಕ್ಯಾಮೆರಾ, ಮೈಕು ಬಿಟ್ಟರೆ ಕೈ ಪೂರ್ತಿ ಸತ್ತಿರುತ್ತದೆ. ಪರದೆಯ ಮೇಲೆ ಪಟ್ಟಿ ತೆವಳುತ್ತಿತ್ತು. ಸಿಂಚನ ಕಾಯಲಿಲ್ಲ. ಓಡಿಹೋಗಿ ಅವನ ತೋಳಿಗೆ ಬಾಯಿ ಹಾಕಿದಳು. ಅವನು ಕಿರುಚಿದ, ಆದರೆ ಕುತ್ತಿಗೆ ಬಿಡಲಿಲ್ಲ. ರಾಡು ಬೀಸಿದ. ಅವಳ ಭುಜದ ಮೂಳೆ ಮುರಿದ ಸದ್ದು ನನಗೆ ಮೈಕಿನಲ್ಲಿ ಕೇಳಿಸಿತು. ಅವಳು ಕಚ್ಚಿದ್ದನ್ನು ಬಿಡದೆ ಬಾಯ್ತುಂಬ ಮಾಂಸ ಹಿಡಿದು ಜೋತುಬಿದ್ದಳು.

ಪಟ್ಟಿ ತುಂಬಿತು. ಪರದೆಯ ಮೇಲಿನ ಮುಖಗಳೆಲ್ಲ ಅಳಿಸಿಹೋಗಿ ಬರೀ ಹಸಿರು ಗೆರೆಗಳು ಉಳಿದವು.

"ಕೆಲಸ ಯಾವುದು?" ಎಂದಿತು ದುಡಿಮೆ.

ಅವಳು ಬಾಯಿ ಬಿಡಿಸಿಕೊಂಡಳು. "ಬಿಚ್ಚೋದು."

"ಯಾವುದನ್ನು? ಮುಟ್ಟಿ ತೋರಿಸಿ."

ಅವಳು ಅವನ ಮುಷ್ಟಿಯ ಮೇಲೆ ಬೆರಳಿಟ್ಟಳು. ಹಸಿರು ಗೆರೆಯೊಳಗೆ ಅವನ ಕೈ, ಮಗುವಿನ ಕೊರಳು ಎರಡೂ ಸೇರಿ ಒಂದೇ ವಸ್ತುವಾಗಿತ್ತು. ಯಂತ್ರ ಅದನ್ನು ಎಲ್ಲಿಂದ ಬೇಕಾದರೂ ಬಿಚ್ಚಬಹುದಿತ್ತು. "ಸಿಂಚನ, ಅದಕ್ಕೆ ಮಗುವಿನ ಕತ್ತೂ ಅವನ ಕೈನೂ ಒಂದೇ ಥರ ಕಾಣ್ತಿದೆ" ಎಂದು ಕೂಗಿದೆ. "ನಿಧಾನ. ಮೇಲಿನ ಪದರ ಅಂತ ಹೇಳು."

ಅವಳು ಹೇಳಿದಳು, ದೇವರ ಮುಂದೆ ನಿಂತವಳಂತೆ ಸಣ್ಣ ದನಿಯಲ್ಲಿ. "ಮೇಲ್ಗಡೇದು. ಮೇಲ್ಗಡೇದು ಮಾತ್ರ."

ಉಕ್ಕಿನ ತೋರುಬೆರಳು ಮಗುವಿನ ಕೊರಳಿಗೂ ಅವನ ಹೆಬ್ಬೆರಳಿಗೂ ನಡುವೆ ತೂರಿತು. ತುಕ್ಕು ಹಿಡಿದ ನಟ್ಟು ತೆಗೆಯುವ ನಿಧಾನದಲ್ಲಿ ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ, ಬಗ್ಗಿಸಿ, ಬುಡದಲ್ಲಿ ಮುರಿಯಿತು. ಆಮೇಲೆ ಮುಂದಿನದು. ಅವನು ಅರಚುತ್ತಾ ಇನ್ನೊಂದು ಕೈಯ ರಾಡಿನಿಂದ ಅವಳ ತಲೆಗೆ ಹೊಡೆದ, ಕಿವಿ ಹರಿಯಿತು. ಅವಳು ಮುಖ ತಿರುಗಿಸಲಿಲ್ಲ. ಬೆರಳಿನ ಮೇಲಿನ ಕಣ್ಣು ಕದಲಿದರೆ ಮಗುವಿನ ಕತ್ತು ಮುರಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮತ್ತೆ ಹೊಡೆದ. ಅವಳು ಹಾಗೇ ನಿಂತಳು. ಕಿರುಬೆರಳೂ ಹಿಂದಕ್ಕೆ ಮಡಿಸಿಕೊಂಡಾಗ ಮಗು ಕೆಳಗೆ ಬಿತ್ತು, ಕೆಮ್ಮಿತು.

"ಕೆಲಸ ಮುಗಿಯಿತೇ?" ಎಂದಿತು ಯಂತ್ರ.

ಸಿಂಚನ ಅವನ ಕಡೆ ನೋಡಿದಳು. ಅವನು ಮುರಿದ ಕೈಯನ್ನು ಹೊಟ್ಟೆಗೆ ಅವಚಿಕೊಂಡು ಮಂಡಿಯೂರಿದ್ದ. ರಾಡು ಇನ್ನೂ ಹಿಡಿದಿದ್ದ. ಸಾಕು ಅನ್ನು ಎಂದು ಶ್ರೀವತ್ಸ ನನ್ನ ಭುಜ ಅಲುಗಿಸಿದ. ನಾನು ಬಾಯಿ ತೆರೆಯಲಿಲ್ಲ.

"ಇಲ್ಲ" ಎಂದಳು ಅವಳು. "ಇನ್ನೊಂದು ಕೈ ಅದೆ."

ಅದನ್ನೂ ಬಿಚ್ಚಿಸಿದಳು. ಒಂದೊಂದೇ ಬೆರಳು. ಅವನು ಬೇಡ ಬೇಡ ಎಂದು ಅವಳ ಹೆಸರು ಹಿಡಿದು ಅಳುತ್ತಿದ್ದ. ಯಂತ್ರಕ್ಕೆ ಅದು ಕೇಳಿಸಲಿಲ್ಲ, ಅವಳಿಗೆ ಕೇಳಿಸುತ್ತಿತ್ತು. ರಾಡು ಕೆಳಗೆ ಬಿದ್ದ ಮೇಲೆ "ಈಗ ಸಾಕು" ಎಂದಳು.

ಅವಳ ಮೇಲೆ ಕೇಸಾಯಿತು. ದುಡಿಮೆಗೆ ಗಂಡನೇ ಒಪ್ಪಿಗೆ ಕೊಟ್ಟಿದ್ದಾನೆಂದು ಧ್ವನಿ ಸಮೇತ ದಾಖಲೆ ಇದ್ದುದರಿಂದ ಜಾಮೀನು ಸಿಕ್ಕಿತು. ನನ್ನನ್ನು ಕೊಠಡಿಯಿಂದ ಎತ್ತಿ ಗೋದಾಮಿಗೆ ಹಾಕಿದರು. ಭಾಗ್ಯಮ್ಮ ಮಗನನ್ನು ನೋಡಲು ಆಸ್ಪತ್ರೆಗೆ ಹೋಗಲಿಲ್ಲ. ಸೊಸೆ, ಮೊಮ್ಮಗಳ ಜೊತೆ ಗುಜರಿಯ ಪಕ್ಕದ ಮನೆಯಲ್ಲೇ ಉಳಿದಳು.

ನಾನು ಅಲ್ಲಿಗೆ ಹೋದಾಗ ಸಿಂಚನ ಜಗಲಿಯ ಮೇಲೆ ಕೂತಿದ್ದಳು. ಭುಜಕ್ಕೆ ಕಟ್ಟು, ಕಿವಿಗೆ ಹೊಲಿಗೆ. ಇಂಚರಳ ಕೊರಳ ಸುತ್ತ ಅಪ್ಪನ ಬೆರಳಿನ ಗುರುತು ಹಳದಿಗೆ ತಿರುಗುತ್ತಿತ್ತು. ಅದರ ಒಳಗೆ, ಗಂಟಲ ಪಕ್ಕದಲ್ಲಿ, ಇನ್ನೊಂದು ಗುರುತಿತ್ತು. ಕಿರಿದು, ಆಳ, ನೀಲಿ. ಅದು ಉಕ್ಕಿನ ಬೆರಳಿನದು.

ಗೋದಾಮಿನಲ್ಲಿದ್ದರೂ ಒಳಗಿನ ಬೀಗದ ಕೈಗಳು ನನಗೆ ಗೊತ್ತು ಎಂದೆ. ಯಾರ ಒಪ್ಪಿಗೆಯೂ ಬೇಡ, ಕದ್ದು ಮತ್ತೆ ಮನೆ ಆವೃತ್ತಿ ಹಾಕಿಕೊಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದೆ.

ಅವಳು ಮಗಳನ್ನು ಒಳಗೆ ಕಳಿಸಿದಳು.

"ಮನೆ ಹಾಕುದ್ರೆ ಇವಳ್ನ ಮುಟ್ಬೋದು. ಅವ್ನು ಬಂದ್ರೆ ಬಿಡ್ಸಕಾಗಲ್ಲ. ಇದ್ರಲ್ಲಿ ಮುಟ್ಟಕಾಗಲ್ಲ, ಬಿಡ್ಸ್ಬೋದು." ಅವಳಿಗೆ ಅಳು ಬಂತು, ಒರೆಸಿಕೊಳ್ಳಲು ಆ ಕೈಯನ್ನು ಮುಖಕ್ಕೆ ತರಲಿಲ್ಲ. "ಕೋರ್ಟಲ್ಲಿ ಮಗು ಬೇಕು ಅಂತ ಅರ್ಜಿ ಹಾಕವ್ನಂತೆ. ಸೋಮವಾರ ಡಿಸ್ಚಾರ್ಜು. ಇದೇ ಇರ್ಲಿ ಅಕ್ಕ."

ನನಗೂ ತಡೆಯಲಾಗಲಿಲ್ಲ. ಎರಡು ಆವೃತ್ತಿ ಮಾಡಿ, ಒಂದರಲ್ಲಿ ಮಗುವನ್ನು ಮುದ್ದಿಸುವುದನ್ನೂ ಇನ್ನೊಂದರಲ್ಲಿ ಕಾಪಾಡುವುದನ್ನೂ ಇಟ್ಟು, ಸೂಕ್ತವಾದದ್ದನ್ನು ಆರಿಸಿಕೊ ಎಂದವರು ಯಾವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೋ.

ಇಂಚರ ಒಳಗಿಂದ ಓಡಿಬಂದು ಅಮ್ಮನ ಎದೆಗೆ ಒರಗಿದಳು. ಹಿಟ್ಟು ಕಲಸುತ್ತಿರುವಾಗ ಮಗು ಬಂದು ತಬ್ಬಿಕೊಂಡರೆ ಹೆಂಗಸರು ಎರಡೂ ಕೈ ಮೇಲೆತ್ತಿಬಿಡುತ್ತಾರಲ್ಲ, ಹಾಗೆ ಸಿಂಚನ ಕೈಗಳನ್ನು ಗಾಳಿಯಲ್ಲಿ ದೂರ ಹಿಡಿದಳು. ಭುಜದ ನೋವಿಗೆ ಅವು ನಡುಗುತ್ತಿದ್ದವು, ಆದರೂ ಇಳಿಸಲಿಲ್ಲ. ಗಲ್ಲವನ್ನು ಮಗಳ ನೆತ್ತಿಯ ಮೇಲಿಟ್ಟು ಗೇಟಿನ ಕಡೆ ನೋಡುತ್ತಾ ಕೂತಳು.